ಹಲ್ಲು ಮೂಡುವಾಗ ಮಗುವಿನ ಒಸಡುನೋವು: ಏನು ಮಾಡಬೇಕು, ಏನು ಕೂಡದು

ಮೊದಲ ಹಲ್ಲು ಸಾಮಾನ್ಯವಾಗಿ 6ನೇ ತಿಂಗಳ ಆಸುಪಾಸಿನಲ್ಲಿ, ಕೆಳದವಡೆಯ ನಡುವೆ ಮೂಡುತ್ತದೆ. 4ನೇ ತಿಂಗಳಿಗೇ ಕಾಣಿಸಿದರೂ, ವರ್ಷ ತುಂಬುವ ಹೊತ್ತಿಗೆ ಬಂದರೂ ಗಾಬರಿ ಬೇಡ.

ಮಗು ರಚ್ಚೆ ಹಿಡಿದಾಗ ಮೊದಲು ನಿಮ್ಮ ಬೆರಳನ್ನೇ ನಂಬಿ. ಉಗುರು ಕತ್ತರಿಸಿ, ಸೋಪು ಹಚ್ಚಿ ಕೈ ತೊಳೆದು, ಊದಿದ ಒಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ನೀವಿ. ಒಳಗಿನಿಂದ ಹಲ್ಲು ತಳ್ಳುತ್ತಿರುವಾಗ ಹೊರಗಿನ ಒತ್ತಡ ಹಿತವೆನಿಸುತ್ತದೆ. ರಬ್ಬರಿನ ಟೀದರನ್ನು (ಮಗು ಕಚ್ಚಲೆಂದೇ ಮಾಡಿದ ಆಟಿಕೆ) ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಯೂ ಕೊಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಕಲ್ಲಿನಂತಾದರೆ ಒಸಡಿಗೇ ಪೆಟ್ಟು. ಒಳಗೆ ದ್ರವ ತುಂಬಿದ ಟೀದರು ಕಚ್ಚಿ ಕಚ್ಚಿ ಒಡೆದು ಸೋರಬಹುದು, ಅದೂ ಬೇಡ.

ಜೊಲ್ಲಿನಿಂದ ಗಲ್ಲ ಕೆಂಪಾಗುತ್ತದೆ. ಉಜ್ಜದೆ, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸಿ, ಮಲಗಿಸುವ ಮುನ್ನ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಒಸಡು ಮರಗಟ್ಟಿಸುವ ಜೆಲ್ ದಯವಿಟ್ಟು ಹಚ್ಚಬೇಡಿ. ಅಂಥ ಹಲವು ಜೆಲ್‌ಗಳಲ್ಲಿರುವ ಬೆಂಜೊಕೇನ್ ಎಂಬ ಮದ್ದು, ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಅಪಾಯಕಾರಿಯಾಗಿ ಕುಗ್ಗಿಸಬಲ್ಲದು. ನೋವು ಶಮನಕ್ಕೆಂದು ಮಾರುವ ಮಣಿಸರವೂ ಬೇಡ: ಕುತ್ತಿಗೆಗೆ ಬಿಗಿಯಬಹುದು, ಹರಿದರೆ ಮಣಿ ಗಂಟಲಲ್ಲಿ ಸಿಕ್ಕಬಹುದು. ರಾತ್ರಿ ನೋವು ತಡೆಯದಿದ್ದರೆ ಪ್ಯಾರಸಿಟಮಾಲ್ ಕೊಡಬಹುದು, ಆದರೆ ವೈದ್ಯರು ತೂಕ ನೋಡಿ ಹೇಳಿದಷ್ಟೇ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಭೇದಿಯಾದರೆ ಹಲ್ಲಿನ ಮೇಲೆ ಹೊರಿಸಿ ಕಾಯಬೇಡಿ. ಕಾರಣ ಬೇರೆಯೇ ಇರುತ್ತದೆ, ವೈದ್ಯರಿಗೆ ತೋರಿಸಿ.

ಹಲ್ಲು ಕಂಡ ದಿನದಿಂದಲೇ ದಿನಕ್ಕೆರಡು ಸಲ ಮೆದು ಬ್ರಷ್ಷಿನಿಂದ ಉಜ್ಜಿ. ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು.