ಬೇಳೆಯ ಪ್ರೋಟೀನ್ ನೇರಳೆಯಾಗಿ ಕಾಣಬೇಕೆಂದರೆ

ಜೀವಿಗಳ ಮೈ ಕಟ್ಟುವ ರಾಸಾಯನಿಕಗಳನ್ನು ಪತ್ತೆ ಹಚ್ಚುವ ಶಾಲಾ ಪ್ರಯೋಗಗಳಲ್ಲಿ ಪದೇ ಪದೇ ಕೈಕೊಡುವುದು ಪ್ರೋಟೀನ್ ಪರೀಕ್ಷೆ. ನೇರಳೆ ಬರಬೇಕಾದ ಕಡೆ ನೀಲಿ ಗಸಿ ಕೂರುತ್ತದೆ. ಬೇಳೆಯಲ್ಲಿ ಪ್ರೋಟೀನೇ ಇಲ್ಲ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ.

ಸುಲಭದವನ್ನು ಮೊದಲು ಮುಗಿಸಿ. ಕಡಲೆಬೀಜವನ್ನು ಕಾಗದದ ಮೇಲೆ ಜಜ್ಜಿ ಒಣಗಿಸಿ. ಎಣ್ಣೆಕಲೆ ಉಳಿದರೆ ಅದು ಕೊಬ್ಬು. ಆರಿದ ಅನ್ನದ ಗಂಜಿಗೆ ಅಯೋಡಿನ್ ಹನಿ ಬಿಟ್ಟಾಗ ಕಡುನೀಲಿಯಾದರೆ ಪಿಷ್ಟ. ಗಂಜಿ ಬಿಸಿಯಿದ್ದರೆ ಬಣ್ಣ ನಿಲ್ಲದು.

ಪ್ರೋಟೀನ್‌ಗೆ ಎರಡು ದ್ರಾವಣ ಬೇಕು. 100 ಮಿ.ಲೀ. ನೀರಿಗೆ 2 ಗ್ರಾಂ ಮೈಲುತುತ್ತ (ತಾಮ್ರದ ಲವಣ, ಕಾಪರ್ ಸಲ್ಫೇಟ್) ಒಂದು, 100 ಮಿ.ಲೀ. ನೀರಿಗೆ 10 ಗ್ರಾಂ ಕಾಸ್ಟಿಕ್ ಸೋಡಾ ಇನ್ನೊಂದು. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ, ನೀರು ಕಾಯುತ್ತದೆ. ಈ ಕೆಲಸ ದೊಡ್ಡವರೇ ಮಾಡಲಿ, ಕನ್ನಡಕ, ಕೈಗವಸು ಕಡ್ಡಾಯ. ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆಂದು ಮಾರುವ ಮೈಲುತುತ್ತದ ನೀಲಿ ಹರಳೇ ಸಾಕು. ಅದೇ ಅಂಗಡಿಯ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಬೇಡ, ಅದು ನೀರಿನಲ್ಲಿ ಕರಗುವುದಿಲ್ಲ. ಕಟ್ಟಿದ ಸಿಂಕಿಗೆ ಸುರಿಯುವ ಪುಡಿಯನ್ನೂ ಸೋಡಾ ಎಂದು ಬಳಸಬೇಡಿ, ಅದರಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ.

ಬೇಳೆ ಹಸಿಯದೇ ಇರಲಿ. ಬೆಂದರೆ ಪ್ರೋಟೀನ್ ಗಟ್ಟಿಯಾಗಿ ನೀರಿಗೆ ಬಿಡುವುದಿಲ್ಲ. ಅರಿಶಿನ ಬಿದ್ದ ಬೇಳೆಯಂತೂ ಸೋಡಾ ಸೋಕಿದೊಡನೆ ಕೆಂಪಾಗಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಒಂದು ಚಮಚ ಬೇಳೆಹಿಟ್ಟಿಗೆ 20 ಮಿ.ಲೀ. ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಬೇಳೆಯ ಪ್ರೋಟೀನಿನ ಬಹುಪಾಲು ಕರಗಲು ಉಪ್ಪು ಬೇಕೇಬೇಕು. ಮೊದಲ ಸಲ ಮಾಡುವವರಿಗೆ ಮೊಟ್ಟೆಯ ಬಿಳಿಯೇ ಮೇಲು: ಒಂದು ಚಮಚಕ್ಕೆ ಐದು ಚಮಚ ನೀರು.

ಎಡವುವುದು ಇಲ್ಲಿಂದ ಮುಂದೆ. ಪ್ರನಾಳಕ್ಕೆ 2 ಮಿ.ಲೀ. ತಿಳಿ ಹಾಕಿ. ಮೊದಲು ಸೋಡಾ 10 ಹನಿ, ಕುಲುಕಿ. ಆಮೇಲೆ ಮೈಲುತುತ್ತ ಎರಡೇ ಹನಿ. ಅಮೈನೋ ಆಮ್ಲಗಳನ್ನು ಪೋಣಿಸಿರುವ ಪೆಪ್ಟೈಡ್ ಬಂಧಗಳ ಸಾರಜನಕವನ್ನು ತಾಮ್ರ ಹಿಡಿದುಕೊಂಡಾಗ ನೇರಳೆ ಮೂಡುತ್ತದೆ. ಒಂಟಿ ಅಮೈನೋ ಆಮ್ಲಕ್ಕೆ ಈ ಬಣ್ಣ ಬಾರದು. ಹಿಡಿಯಲು ಬಂಧ ಸಾಲದೆ ಉಳಿದ ತಾಮ್ರ ಸೋಡಾದೊಡನೆ ಸೇರಿ ಕಾಪರ್ ಹೈಡ್ರಾಕ್ಸೈಡ್ ಆಗುತ್ತದೆ. ನೇರಳೆಯನ್ನು ಮುಚ್ಚಿಹಾಕುವ ನೀಲಿ ಗಸಿ ಅದೇ. ಬಣ್ಣ ಬರಲಿಲ್ಲವೆಂದು ಮತ್ತೆ ಮೈಲುತುತ್ತ ಸುರಿದರೆ ಗಸಿ ಹೆಚ್ಚುತ್ತದೆ ಅಷ್ಟೆ. ಐದು ನಿಮಿಷ ಕಾಯಿರಿ. ಬರೀ ನೀರಿಗೆ ಇಷ್ಟೇ ಹನಿ ಹಾಕಿದ ಇನ್ನೊಂದು ಪ್ರನಾಳವನ್ನು ಪಕ್ಕಕ್ಕಿಟ್ಟು, ಎರಡರ ಹಿಂದೆಯೂ ಬಿಳಿ ಕಾಗದ ಹಿಡಿದು ಹೋಲಿಸಿ. ಗಸಿ ಕೂತಿದ್ದರೆ ಹೊಸ ತಿಳಿಯಲ್ಲಿ ಒಂದೇ ಹನಿಯಿಂದ ಶುರುಮಾಡಿ.

ಉಳಿದ ತಾಮ್ರದ ನೀರನ್ನು ಬಾವಿ, ಕೆರೆಯ ಕಡೆ ಚೆಲ್ಲಬೇಡಿ. ಮೀನಿಗೆ ಅದು ವಿಷ.