ಹುಡುಗ ಸಿಕ್ಕ ಮೇಲೆ ಫೋಟೊ ಅಳಿಸಿ

ನಾನು ಕಾರವಾರ, ಅಂಕೋಲಾ ಕಡೆ ಹದಿನಾರು ವರ್ಷ ಪತ್ರಿಕೆಗೆ ವರದಿ ಮಾಡಿದವನು. ಈಗ ಅದನ್ನು ಬಿಟ್ಟು ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಮೀನು ಮಾರಿ ಮನೆ ನಡೆಸುವವಳು. ಗಂಡ ಬೋಟಿಗೆ ಹೋಗಿದ್ದ. "ಅಣ್ಣಾ, ಮಗ ಶಾಲೆಯಿಂದ ಬರಲಿಲ್ಲ. ಈ ಫೋಟೊ ದೊಡ್ಡದು ಮಾಡಿಕೊಡು" ಎಂದಳು. ಹುಡುಗನಿಗೆ ಹನ್ನೆರಡು ವರ್ಷ.

ಊರು, ಶಾಲೆ, ತಿಂಗಳು ಯಾವುದನ್ನೂ ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫೋಟೊ ಆಮೇಲೆ, ಮೊದಲು ಠಾಣೆಗೆ ಹೋಗೋಣ ಎಂದೆ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅಂತ ಇವತ್ತಿಗೂ ನಂಬಿದವರಿದ್ದಾರೆ. ಹಾಗೇನೂ ಇಲ್ಲ. ಮಗು ಕಾಣೆಯಾದ ದೂರು ಬಂದರೆ ಅಪಹರಣವೋ ಮಾನವ ಸಾಗಣೆಯೋ ಇರಬಹುದು ಎಂದೇ ಹಿಡಿದು ಎಫ್‌ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಹೇಳಿದೆ. ಅಂದು ರಾತ್ರಿಯೇ ಎಫ್‌ಐಆರ್ ಆಯಿತು.

ಆದರೆ ಅಲ್ಲೇ ಒಂದು ತೊಡಕೂ ಶುರುವಾಯಿತು. ಕಾನೂನು ಹೀಗಿರುವುದರಿಂದ ಎಫ್‌ಐಆರ್‌ನಲ್ಲಿ ಅಪಹರಣದ ಸೆಕ್ಷನ್ ಬರುತ್ತದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 137. ಯಾರೋ ಎತ್ತಿಕೊಂಡು ಹೋದದ್ದನ್ನು ಕಂಡವರಿದ್ದಾರೆ ಎಂದು ಅದರ ಅರ್ಥವಲ್ಲ. ಮಾರನೇ ದಿನ ಬೆಳಿಗ್ಗೆ ಎಫ್‌ಐಆರ್ ಪ್ರತಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಒಂದು ಚಾನೆಲ್ "ಬಾಲಕನ ಅಪಹರಣ" ಎಂದೇ ಹಾಕಿತು. ಮಧ್ಯಾಹ್ನದೊಳಗೆ ಹೆದ್ದಾರಿ ಬದಿಯಲ್ಲಿ ಬೆಡ್‌ಶೀಟ್ ಮಾರುತ್ತಿದ್ದ ಇಬ್ಬರನ್ನು ಹುಡುಗರು ಸುತ್ತುವರಿದು ನಿಂತಿದ್ದರು. ಪೊಲೀಸರು ಬರುವುದು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೋ!

ಇದು ಸುಮ್ನೆ ಹುಟ್ಟಿದ ಭಯವಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವದಂತಿಗೆ ಎರಡು ಜೀವ ಹೋದವು. ನಮ್ಮ ಜಿಲ್ಲೆಗೂ ಅನುಭವವಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಕಾಣೆಯಾಗಿದ್ದ ಯುವಕನ ಶವ ಕೆರೆಯಲ್ಲಿ ಸಿಕ್ಕಾಗ, ತನಿಖೆಗಿಂತ ಮೊದಲು ವದಂತಿ ಓಡಿತು. ಕುಮಟಾ, ಶಿರಸಿ ಹೊತ್ತಿಕೊಂಡವು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಡುವ ಹೊತ್ತಿಗೆ 2022 ಬಂದಿತ್ತು.

ಅಂದು ಸಂಜೆ ಹುಡುಗನ ಮಾವ, ಅವನ ಶಾಲೆಯ ಅಕ್ಕೋರು (ಟೀಚರ್), ನಾನು ಮೂವರೂ ಕೂತು ಮಾತಾಡಿಕೊಂಡೆವು. ಮನೆಯ ಪರವಾಗಿ ಮಾತಾಡುವವನು ನಾನೊಬ್ಬನೇ. ಮಾತಾಡುವಾಗ "ಕಾಣೆಯಾಗಿದ್ದಾನೆ" ಎಂಬ ಒಂದೇ ಪದ. ಅಪಹರಣ ಎಂದು ಯಾರು ಕೇಳಿದರೂ, ಆ ಸೆಕ್ಷನ್ ಯಾಕೆ ಹಾಕುತ್ತಾರೆ ಎಂದು ವಿವರಿಸುವುದು. ಇದನ್ನು ಎಷ್ಟು ಸಲ ವಿವರಿಸಿದೆನೋ ಲೆಕ್ಕವಿಲ್ಲ. ಆದರೆ ಮೂರನೇ ದಿನದಿಂದ ಪತ್ರಿಕೆಗಳು "ಬಾಲಕ ಕಾಣೆ" ಎಂದೇ ಬರೆದವು.

ಒಬ್ಬನೇ ಮಾತಾಡಬೇಕು ಎಂಬುದನ್ನು ನಾನು ಕಲಿತದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಿಂದ. 2024ರ ಜುಲೈ 16ರಂದು ಗುಡ್ಡ ಕುಸಿದಾಗ ಕೇರಳದ ಲಾರಿ ಚಾಲಕನೊಬ್ಬ ಕಾಣೆಯಾದ. ಗಂಗಾವಳಿ ದಡದಲ್ಲಿ ಮಲಯಾಳ ಚಾನೆಲ್‌ಗಳು ವಾರಗಟ್ಟಲೆ ಕೂತಿದ್ದವು. ಹುಡುಕಾಟ ಅರ್ಧಕ್ಕೇ ನಿಂತುಹೋಗದಿರಲು ಆ ಕ್ಯಾಮೆರಾಗಳೂ ಕಾರಣ, ಅದನ್ನು ಒಪ್ಪುತ್ತೇನೆ. ಸೆಪ್ಟೆಂಬರ್ 25ರಂದು ಲಾರಿ, ಶವ ಎರಡೂ ಸಿಕ್ಕವು. ಆಮೇಲೆ ಚಾಲಕನ ಮನೆಯವರು ಒಂದು ಹೇಳಿದರು, ಲಾರಿ ಮಾಲೀಕ ಇನ್ನೊಂದು ಹೇಳಿದರು. ದುಃಖದಲ್ಲಿದ್ದ ಮನೆಯವರ ಮೇಲೆ ಜನ ಆನ್‌ಲೈನ್‌ನಲ್ಲಿ ಬೈಗುಳ ಸುರಿದರು. ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಎರಡು ಬಾಯಿ ಎರಡು ಮಾತು ಆಡಿದರೆ, ನೋಡುವ ಜನ ಪಕ್ಷ ಕಟ್ಟಿಬಿಡುತ್ತಾರೆ. ಹುಡುಕುವ ಕೆಲಸ ಹಿಂದೆ ಬೀಳುತ್ತದೆ.

ಹೊಸ ಸಿಮ್ ತಂದೆವು. ಪೋಸ್ಟರಿನಲ್ಲಿ ಆ ನಂಬರ್ ಮತ್ತು ಠಾಣೆಯ ನಂಬರ್ ಮಾತ್ರ. ತಾಯಿಯ ನಂಬರ್ ಎಲ್ಲೂ ಕೊಡಲಿಲ್ಲ. ಒಂದು ಗೆರೆ ಪುಸ್ತಕದಲ್ಲಿ ಕರೆ ಬಂದ ಹೊತ್ತು, ನಂಬರ್, ಹೇಳಿದ ಮಾತು ಎಲ್ಲ ಬರೆದೆವು. ಕನ್ನಡ, ಕೊಂಕಣಿ, ಹಿಂದಿಯಲ್ಲಿ ಪೋಸ್ಟರ್ ಮಾಡಿದೆವು, ಯಾಕೆಂದರೆ ಮಾಜಾಳಿ ದಾಟಿದರೆ ಗೋವಾ, ಮಡಗಾಂವ್‌ಗೆ ರೈಲಿದೆ. ಅಂಗಿಯ ಬಣ್ಣ, ಎತ್ತರ, ಆಡುವ ಭಾಷೆ ಬರೆದೆವು. ಮೊಣಕಾಲಿನ ಹಿಂದಿನ ಗಾಯದ ಗುರುತನ್ನು ಮಾತ್ರ ಬರೆಯಲಿಲ್ಲ. ಅದನ್ನು ಪೊಲೀಸರಿಗೆ ಹೇಳಿ ನಮ್ಮಲ್ಲೇ ಇಟ್ಟುಕೊಂಡೆವು. ಅದು ಕೆಲಸಕ್ಕೆ ಬಂತು. ನಾಲ್ಕನೇ ದಿನ ಒಬ್ಬ ಫೋನ್ ಮಾಡಿ "ಹುಡುಗ ನನ್ನ ಹತ್ತಿರ ಇದ್ದಾನೆ, ಇಪ್ಪತ್ತು ಸಾವಿರ ಹಾಕಿ" ಎಂದ. ಮೈಮೇಲೆ ಗುರುತು ಏನಿದೆ ಹೇಳಪ್ಪಾ ಎಂದೆ. ತಡವರಿಸಿ ಇಟ್ಟುಬಿಟ್ಟ. ತಾಯಿ ಆ ಫೋನ್ ಎತ್ತಿದ್ದರೆ ಬಳೆ ಮಾರಿ ದುಡ್ಡು ಹಾಕಿಬಿಡುತ್ತಿದ್ದಳು.

ವರದಿಗಾರರನ್ನು ಮನೆಯಿಂದ ದೂರ, ದೇವಸ್ಥಾನದ ಅಂಗಳದಲ್ಲಿ ದಿನಾ ಬೆಳಿಗ್ಗೆ 11ಕ್ಕೆ ಕಂಡೆ. ಹೇಳಲು ಏನೂ ಇಲ್ಲದ ದಿನವೂ ಹೋದೆ. ನಾವು ಹೋಗದಿದ್ದರೆ ಅವರು ಪಕ್ಕದ ಮನೆಯವರ ಮುಂದೆ ಮೈಕ್ ಹಿಡಿಯುತ್ತಾರೆ. ಒಬ್ಬ ವರದಿಗಾರ ಹುಡುಗನ ಸಹಪಾಠಿಯನ್ನೇ ಹಿಡಿದು "ಅವನಿಗೆ ಮನೆಯಲ್ಲಿ ಹೊಡೀತಿದ್ರಾ?" ಎಂದು ಕೇಳಿದ್ದ. ಆ ಮಗು ಹೆದರಿ ತಲೆ ಆಡಿಸಿತ್ತು. ಅದನ್ನು ಇಡೀ ದಿನ ತೋರಿಸಿದರು. ಇವತ್ತಿಗೂ ನನಗೆ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಚಹಾದ ವಿಡಿಯೊ. ಎರಡು ದಿನದಿಂದ ಆಕೆ ಏನೂ ತಿಂದಿರಲಿಲ್ಲ. ಠಾಣೆಯ ಎದುರಿನ ಗೂಡಂಗಡಿಯಲ್ಲಿ ನಾನೇ ಒತ್ತಾಯ ಮಾಡಿ ಚಹಾ ಕೊಡಿಸಿದೆ. ಯಾರೋ ಅದನ್ನು ದೂರದಿಂದ ತೆಗೆದು "ಮಗ ಕಾಣೆ, ತಾಯಿಗೆ ಚಹಾದ ಚಿಂತೆ" ಎಂದು ಹಾಕಿದರು. ರಾತ್ರಿಯೊಳಗೆ ನೂರಾರು ಕಮೆಂಟು. ಕಣ್ಣಲ್ಲಿ ನೀರೇ ಇಲ್ಲ ನೋಡಿ. ಇವಳೇ ಏನೋ ಮಾಡಿರಬೇಕು. ಜಾತಿ ಹಿಡಿದು, ಕಸುಬು ಹಿಡಿದು ಬೈದರು. ಆಕೆಯನ್ನು ಒಮ್ಮೆಯೂ ಕಾಣದವರು!

2007ರ ಮೇ 3ರಂದು ಪೋರ್ಚುಗಲ್‌ನಲ್ಲಿ ಕಾಣೆಯಾದ ಮ್ಯಾಡಲೀನ್ ಮೆಕ್ಯಾನ್ ಎಂಬ ಇಂಗ್ಲೆಂಡಿನ ಮಗುವಿನ ತಾಯಿಗೂ ಜನ ಇದನ್ನೇ ಅಂದಿದ್ದರು, ಅಳುತ್ತಿಲ್ಲ ಎಂದು. ಪೊಲೀಸರು ತಂದೆತಾಯಿಯನ್ನೇ ಶಂಕಿತರೆಂದು ಹೆಸರಿಸಿ, ಮರುವರ್ಷ ಅದನ್ನು ಕೈಬಿಟ್ಟರು. ಅವರ ಮೇಲೆ ಸುಳ್ಳು ಬರೆದ ಪತ್ರಿಕಾ ಸಂಸ್ಥೆಯೊಂದು 2008ರಲ್ಲಿ ಮುಖಪುಟದಲ್ಲೇ ಕ್ಷಮೆ ಕೇಳಿ, 5.5 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಅಷ್ಟು ಓದಿದ, ವೈದ್ಯರಾದ ದಂಪತಿಗೇ ಹೀಗಾದರೆ, ಮೀನು ಬುಟ್ಟಿ ಹೊರುವ ನಮ್ಮ ತಂಗಿಯ ಪರ ಯಾರು ನಿಲ್ಲುತ್ತಾರೆ?

ಇಲ್ಲಿ ನಾನು ತಪ್ಪು ಮಾಡಿದೆ. ರಾತ್ರಿ ಒಂದು ಗಂಟೆಗೆ ಸಿಟ್ಟಿನಲ್ಲಿ ಒಬ್ಬೊಬ್ಬರಿಗೂ ಉತ್ತರ ಬರೆದೆ. ಬೆಳಿಗ್ಗೆ ನೋಡಿದರೆ ಆ ವಿಡಿಯೊ ಇನ್ನೂ ಜಾಸ್ತಿ ಜನಕ್ಕೆ ಹೋಗಿತ್ತು. ಉತ್ತರ ಕೊಟ್ಟಷ್ಟೂ ಅದು ಮೇಲೆ ಬರುತ್ತದೆ, ಅಲ್ವಾ? ಅವತ್ತಿನಿಂದ ಒಂದಕ್ಕೂ ಉತ್ತರ ಬರೆಯಲಿಲ್ಲ. ಅಕ್ಕೋರು ದಿನಾ ಅರ್ಧ ಗಂಟೆ ಕೂತು, ಬೆದರಿಕೆಯ ಕಮೆಂಟುಗಳನ್ನು ಮಾತ್ರ ಲಿಂಕು, ದಿನಾಂಕ ಸಹಿತ ಸ್ಕ್ರೀನ್‌ಶಾಟ್ ತೆಗೆದಿಟ್ಟರು. ಅವನ್ನು ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಠಾಣೆಗೆ ಕೊಟ್ಟೆವು. ವಿಡಿಯೊವನ್ನು ಕೇರಿಯವರೆಲ್ಲ ರಿಪೋರ್ಟ್ ಮಾಡಿದರು. ತಾಯಿಯ ಫೋನಿನಿಂದ ಫೇಸ್‌ಬುಕ್ ತೆಗೆದೆವು. ಆದರೂ ಯಾರೋ ನೆಂಟರು ತೋರಿಸಿಬಿಟ್ಟಿದ್ದರು.

"ನಾ ಚಾ ಕುಡೀಬಾರದಿತ್ತಾ ಅಣ್ಣಾ?" ಎಂದು ಕೇಳಿದಳು.

"ಕುಡಿ ತಂಗಿ. ಮಗ ಬಂದಾಗ ಎದ್ದು ನಿಲ್ಲಲು ಶಕ್ತಿ ಬೇಕು" ಎಂದೆ. ಬೇರೇನೂ ಹೊಳೆಯಲಿಲ್ಲ.

ಆರನೇ ದಿನ ಗೋವಾದ ಒಂದು ರೈಲು ನಿಲ್ದಾಣದಲ್ಲಿ ಹುಡುಗ ಸಿಕ್ಕ. ಗುರುತಿಸಿದ್ದು ತಿಂಡಿ ಮಾರುವವನು. ಅಂಗಿಯ ಬಣ್ಣ ನೋಡಿ ಫೋನ್ ಮಾಡಿದ್ದ. ಗಾಯದ ಗುರುತು ಕೇಳಿದೆ, ಹುಡುಗನನ್ನೇ ಕೇಳಿ ಸರಿಯಾಗಿ ಹೇಳಿದ.

ಆ ಕ್ಷಣದಿಂದ ನಮ್ಮ ಕೆಲಸ ತಿರುಗಿತು. ಅಲ್ಲಿಯವರೆಗೆ ಎಲ್ಲರೂ ಆ ಮುಖ ನೋಡಲಿ ಎಂದು ಹೆಣಗಿದ್ದೆವು. ಈಗ ಯಾರೂ ನೋಡದಂತೆ ಮಾಡಬೇಕಿತ್ತು. ಇಂಥ ಮಗುವಿನ ಹೆಸರು, ಫೋಟೊ, ಶಾಲೆ ಪ್ರಕಟಿಸಬಾರದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ವರದಿಗಾರರಿಗೆ ಕೊನೆಯ ಸಲ 11ಕ್ಕೆ ಸಿಕ್ಕಿ ಇದನ್ನು ಹೇಳಿದೆ. ಯಾಕೆ ಹೋದ ಎಂದು ಎಲ್ಲರೂ ಕೇಳಿದರು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವನು ಏನು ಹೇಳಿದನೋ ಅದು ಅವನದು. ನಾನೂ ಕೇಳಿಲ್ಲ.

ಬಸ್‌ಸ್ಟ್ಯಾಂಡ್, ಮೀನು ಮಾರ್ಕೆಟ್, ಕಂಬ, ಗೂಡಂಗಡಿ ಎಲ್ಲ ಕಡೆ ಹೋಗಿ ಪೋಸ್ಟರ್ ಕಿತ್ತೆವು. ಅಂಟು ಗಟ್ಟಿಯಾದಲ್ಲಿ ನೀರು ಹಾಕಿ ಕೆರೆದೆವು. ಫೋನಿನಲ್ಲಿ ಓಡುವುದನ್ನು ಕೆರೆಯಲು ಆಗಲಿಲ್ಲ. ನಾನು ಪೋಸ್ಟರಿನಲ್ಲಿ ದಿನಾಂಕ ಹಾಕಿರಲಿಲ್ಲ. ಹದಿನಾರು ವರ್ಷ ಸುದ್ದಿ ಬರೆದವನು ದಿನಾಂಕವನ್ನೇ ಮರೆತೆ. ಹಾಗಾಗಿ ಅದು ಇವತ್ತು ನೋಡಿದವರಿಗೆ ಇವತ್ತಿನದೇ ಅನ್ನಿಸುತ್ತದೆ. ಈಗ ಯಾರಾದರೂ ಇಂಥ ಪೋಸ್ಟರ್ ಮಾಡಿಸಲು ಬಂದರೆ ಮೇಲೆ ದಪ್ಪಕ್ಷರದಲ್ಲಿ ದಿನಾಂಕ, ಕೆಳಗೆ "ಸಿಕ್ಕ ಮೇಲೆ ಅಳಿಸಿ" ಎಂದು ಹಾಕಿಯೇ ಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ.

ಆ ಸಿಮ್ ಇನ್ನೂ ನನ್ನ ಹತ್ತಿರವೇ ಇದೆ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತೇನೆ. ಮೊನ್ನೆ ಸೊಲ್ಲಾಪುರದಿಂದ ಒಬ್ಬರು ಫೋನ್ ಮಾಡಿ, ಇಂಥದ್ದೇ ಹುಡುಗನನ್ನು ಬಸ್ಸಿನಲ್ಲಿ ಕಂಡೆ ಎಂದರು. ಮಗ ಮನೆಯಲ್ಲಿದ್ದಾನೆ, ನಿಮ್ಮಿಂದ ದೊಡ್ಡ ಉಪಕಾರವಾಯಿತು, ಆ ಫೋಟೊ ಅಳಿಸಿಬಿಡಿ ಎಂದೆ. "ಈಗಲೇ ಅಳಿಸ್ತೀನಿ" ಎಂದರು.