ಈಳಿಗೆ ಮಣೆಗೊಂದು ಕಲ್ಲು, ಚಾಕುವಿಗೊಂದು ಕಲ್ಲು

ಮಗ ಊರಿಗೆ ಬರುವಾಗ ಒಂದು ಜಪಾನಿ ಚಾಕು ತಂದುಕೊಟ್ಟಿದ್ದ. ಈರುಳ್ಳಿ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತಿತ್ತು. ಕೆಲವು ತಿಂಗಳಾದ ಮೇಲೆ ಸ್ವಲ್ಪ ಮೊಂಡಾಯಿತು. ನಾನೇನು ಮಾಡಿದೆ ಗೊತ್ತಾ? ಬಾವಿಕಟ್ಟೆ ಹತ್ತಿರ ಕತ್ತಿ ಮಸೆಯುವ ಕಲ್ಲಿದೆಯಲ್ಲ, ಅದರ ಮೇಲೆ ನಾಲ್ಕು ಸಲ ಗರಗರ ಎಳೆದೆ. ಬೆಳಕಿಗೆ ಹಿಡಿದು ನೋಡಿದರೆ ಅಲಗು ಇಲಿ ಕಡಿದ ರೊಟ್ಟಿಯಂತಾಗಿತ್ತು. ಹೊಟ್ಟೆ ಚುರ್ ಎಂದಿತು.

ಆ ಕಲ್ಲು ಕೆಟ್ಟದ್ದೇನಲ್ಲ. ಕತ್ತಿ, ಮಚ್ಚಿಗೆ ಅದೇ ಸರಿ. ಅವುಗಳ ಲೋಹ ಅಷ್ಟು ಗಡುಸಲ್ಲ, ಅಲಗೂ ದಪ್ಪ. ದೊರಗು ಕಲ್ಲಿನ ಉಜ್ಜಾಟ ತಡೆದುಕೊಳ್ಳುತ್ತವೆ. ಜಪಾನಿ ಚಾಕುವಿನ ಉಕ್ಕು ತುಂಬಾ ಗಡುಸು. ಅದಕ್ಕೇ ಹರಿತ ಜಾಸ್ತಿ ದಿನ ನಿಲ್ಲುತ್ತದೆ, ಅದಕ್ಕೇ ಬೇಗ ಚಕ್ಕೆಯೂ ಏಳುತ್ತದೆ.

ಅಂಗಡಿಯಲ್ಲಿ ಕಲ್ಲು ಕೇಳುವಾಗ ಗ್ರಿಟ್ ನಂಬರ್ ನೋಡಿ. ನಂಬರ್ ಏರಿದಷ್ಟೂ ಕಲ್ಲು ನಯ. 120ರಿಂದ 240ರದ್ದು ಕತ್ತಿ, ಮಚ್ಚಿಗೆ. ಅಡುಗೆಮನೆಯ ಸ್ಟೀಲ್ ಚಾಕು ಪೂರ್ತಿ ಮೊಂಡಾಗಿದ್ದರೆ 400ರಲ್ಲಿ ಶುರುಮಾಡಿ 1000ಕ್ಕೆ ಬನ್ನಿ. ಸುಮಾರಾಗಿ ಹರಿತವಿದ್ದರೆ ನೇರ 1000. ತೆಳ್ಳನೆ ಜಪಾನಿ ಚಾಕುವಿಗೆ 1000 ಆದಮೇಲೆ 3000 ಅಥವಾ 6000. ಒಂದೇ ಕಲ್ಲು ಕೊಳ್ಳುವುದಾದರೆ ಒಂದು ಬದಿ 400, ಇನ್ನೊಂದು ಬದಿ 1000 ಇರುವ ಜೋಡಿ ಕಲ್ಲು ತನ್ನಿ. ಪಲ್ಯದ ಚಾಕುವಿಗೆ 6000ದ ಕಲ್ಲು ಸುಮ್ನೆ ದುಡ್ಡು ದಂಡ.

ಚಾಕುವನ್ನು ಕಲ್ಲಿನ ಮೇಲೆ ಎಷ್ಟು ಓರೆ ಹಿಡಿಯಬೇಕು ಅನ್ನುವುದೇ ಎಲ್ಲರಿಗೂ ತಲೆಬಿಸಿ. ಒಂದು ಕಾಗದದ ಮೂಲೆಯನ್ನು ಅರ್ಧಕ್ಕೆ ಮಡಚಿ, ಆ ಮೂಲೆಯನ್ನೇ ಮತ್ತೆ ಅರ್ಧಕ್ಕೆ ಮಡಚಿ. ಅದು ಇಪ್ಪತ್ತೆರಡೂವರೆ ಡಿಗ್ರಿ. ಅದನ್ನು ಕಲ್ಲಿನ ಪಕ್ಕ ನಿಲ್ಲಿಸಿಕೊಂಡು ಅಷ್ಟೇ ಓರೆ ಹಿಡಿದರೆ ಸ್ಟೀಲ್ ಚಾಕುವಿಗೆ ಸಾಕು. ಜಪಾನಿಯದಕ್ಕೆ ಇನ್ನೂ ತಗ್ಗಿಸಿ, ಸುಮಾರು 15 ಡಿಗ್ರಿ. ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಲೋಹದ ಸಣ್ಣ ಜುಂಗು ಏಳುತ್ತದೆ. ಹೆಬ್ಬೆರಳನ್ನು ಅಲಗಿನ ಉದ್ದಕ್ಕೆ ಎಳೆಯಬೇಡಿ, ಅಡ್ಡಕ್ಕೆ ಹೊರಗೆ ಸವರಿ. ತರಿ ತರಿ ಅನ್ನಿಸಿತೋ, ಆಗ ಮಗುಚಿ. ಅದಕ್ಕೆ ಮೊದಲೇ ಮಗುಚಿದರೆ ಎಷ್ಟು ಮಸೆದರೂ ಅಷ್ಟೇ.

ಈಳಿಗೆ ಮಣೆಯ ಕಥೆಯೇ ಬೇರೆ. ಅದರ ಅಲಗನ್ನು ಕಲ್ಲಿನ ಹತ್ತಿರ ತರುವುದಕ್ಕಾಗುವುದಿಲ್ಲ, ಕಲ್ಲನ್ನೇ ಅಲಗಿನ ಹತ್ತಿರ ಒಯ್ಯಬೇಕು. ಒಳಕ್ಕೆ ಬಾಗಿದ ಬಾಯಿಗೆ ಅಗಲದ ಚಪ್ಪಟೆ ಕಲ್ಲು ಕೂರುವುದೇ ಇಲ್ಲ. ಕೈಯಲ್ಲಿ ಹಿಡಿಯುವಂಥ ಸಣ್ಣ, ಅಂಚು ದುಂಡಗಿರುವ ಕಲ್ಲು ಬೇಕು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಲ್ಲಿಗೆ ನೀರು ಮುಟ್ಟಿಸಿ, ಬುಡದಿಂದ ತುದಿಗೆ ನಿಧಾನ ಎಳೆಯಿರಿ. ಬೆರಳು ಅಲಗಿನ ದಾರಿಗೆ ಬರದ ಹಾಗೆ ನೋಡಿಕೊಳ್ಳಿ. ತುದಿಯಲ್ಲಿ ಕಾಯಿ ತುರಿಯುವ ಹಲ್ಲಿದ್ದರೆ ಅದರ ತಂಟೆಗೆ ಹೋಗಬೇಡಿ. ಕಬ್ಬಿಣದ್ದಾದರೆ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಡಿ. ಕುಡುಗೋಲಿಗೂ ಇದೇ ಉಪಾಯ.

ಆದರೆ ಎಣ್ಣೆ ಅಲಗಿಗೆ ಮಾತ್ರ, ಕಲ್ಲಿಗಲ್ಲ. ಅಡುಗೆ ಎಣ್ಣೆ ಹಾಕಿದರೆ ಕಲ್ಲು ಜಿಡ್ಡುಗಟ್ಟಿ ಲೋಹ ಹಿಡಿಯುವುದೇ ಇಲ್ಲ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವನ್ನು ಚಪ್ಪಟೆ ಕಲ್ಲಿಗೆ ಹಾಕಲೇಬೇಡಿ, ಹಲ್ಲೆಲ್ಲ ಸವೆದು ಹೋಗುತ್ತದೆ. ಬೀದಿಯಲ್ಲಿ ಸಾಣೆ ಹಿಡಿಯುವವರ ಚಕ್ರಕ್ಕೆ ಮಚ್ಚು ಕೊಡಿ, ಒಳ್ಳೆ ಚಾಕು ಬೇಡ. ಕಿಡಿ ಹಾರುವಷ್ಟು ಬಿಸಿಗೆ ಅಲಗು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತು ಅಂತಲೇ.

ನನ್ನ ಜಪಾನಿ ಚಾಕು ಏನಾಯಿತು ಅಂತೀರಾ? 400ರ ಕಲ್ಲಿನ ಮೇಲೆ ಎರಡು ಸಂಜೆ ಕೂತು ಚಕ್ಕೆ ಎದ್ದದ್ದನ್ನೆಲ್ಲ ಸವೆಸಿದೆ, ಆಮೇಲೆ 1000. ಈಗ ಟೊಮೆಟೊ ಸಿಪ್ಪೆ ಜಾರದೆ ಕೊಯ್ಯುತ್ತದೆ. ಅಗಲ ಒಂದು ಕೂದಲೆಳೆ ಕಡಿಮೆ. ಮಗ ಇನ್ನೂ ಗಮನಿಸಿಲ್ಲ.